ಮೈಕ್ ಕಿತ್ತುಕೊಳ್ಳುವುದು ನ್ಯಾಯವಲ್ಲ

ಕಾಮೆಂಟರಿ ಬಾಕ್ಸಿನಲ್ಲಿ ಕೂತವರ ಬಾಯಿಂದ ಒಂದು ಕೆಟ್ಟ ಮಾತು ಹೊರಬಿದ್ದರೆ ಸಾಕು, ‘ಇವರನ್ನು ಕಿತ್ತುಹಾಕಿ’ ಎಂಬ ಕೂಗು ಪಂದ್ಯ ಮುಗಿಯುವ ಮೊದಲೇ ಏಳುತ್ತದೆ. ಅಭಿಮಾನಿಗಳು ಕೂಗುತ್ತಾರೆ, ಮಾಜಿ ಆಟಗಾರರು ದನಿಗೂಡಿಸುತ್ತಾರೆ, ಸಂಜೆಯಾಗುವಷ್ಟರಲ್ಲಿ ನೋಯ್ಡಾದ ಫಿಲ್ಮ್ ಸಿಟಿಯ ಸುದ್ದಿ ಸ್ಟುಡಿಯೊಗಳಲ್ಲಿ ಚರ್ಚೆ ಶುರುವಾಗುತ್ತದೆ. ಚರ್ಚೆಯಲ್ಲಿ ಉಳಿಯುವ ಪ್ರಶ್ನೆ ಒಂದೇ: ಶಿಕ್ಷೆ ಎಷ್ಟು ದೊಡ್ಡದಿರಬೇಕು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಇರುವ ನಾಡಿನವರಿಗೆ ಈ ಕೂಗು ಸಹಜ ನ್ಯಾಯದಂತೆಯೇ ಕೇಳಿಸುತ್ತದೆ. ಅದು ನ್ಯಾಯವಲ್ಲ ಎಂದು ಹೇಳಲು ಈ ಲೇಖನ. ನೋಯಿಸುವ ಮಾತನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಆ ಮಾತಿಗೆ ಕೆಲಸ ಕಳೆಯುವುದೇ ಪರಿಹಾರ ಎಂಬ ನಂಬಿಕೆ ನೊಂದವರಿಗೆ ಏನನ್ನೂ ಕೊಡುವುದಿಲ್ಲ. ಕ್ರೀಡೆಯನ್ನು ಆಳುವವರ ಕೈಗೆ ಮಾತ್ರ ಒಂದು ಕತ್ತಿಯನ್ನು ಕೊಡುತ್ತದೆ. ಆ ಕತ್ತಿ ನಮ್ಮ ದೇಶದಲ್ಲಿ ಈವರೆಗೆ ಯಾರ ಮೇಲೆ ಬಿದ್ದಿದೆ ಎಂಬುದನ್ನು ನೋಡಿದರೆ ನನ್ನ ಆತಂಕ ಅರ್ಥವಾದೀತು.

ಶಿಕ್ಷೆಯ ಪರ ಇರುವವರಿಗೆ ಅತಿ ಬಲವಾದ ಉದಾಹರಣೆ ದೆಹಲಿಯದ್ದೇ. 2010ರ ಅಕ್ಟೋಬರ್ 3ರಿಂದ 14ರವರೆಗೆ ಇಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಯಿತು. ಆಗ ದೆಹಲಿಯ ಮುಖ್ಯಮಂತ್ರಿ ಶೀಲಾ ದೀಕ್ಷಿತ್. ನ್ಯೂಜಿಲೆಂಡ್‌ನ ಸರ್ಕಾರಿ ಒಡೆತನದ ಟಿವಿಎನ್‌ಜೆಡ್ ವಾಹಿನಿಯ ಬೆಳಗಿನ ಕಾರ್ಯಕ್ರಮದಲ್ಲಿ ಕ್ರೀಡಾಕೂಟದ ಮಾತು ಬಂದಾಗ ನಿರೂಪಕ ಪಾಲ್ ಹೆನ್ರಿ, ಶೀಲಾ ದೀಕ್ಷಿತ್ ಅವರ ಹೆಸರನ್ನು ಇಂಗ್ಲಿಷಿನ ಹೊಲಸು ಪದಗಳಂತೆ ಎಳೆದೆಳೆದು ಉಚ್ಚರಿಸಿ ನಕ್ಕರು. ಅದೇ ದಿನಗಳಲ್ಲಿ ಅವರು ಪ್ರಧಾನಿ ಜಾನ್ ಕೀ ಅವರನ್ನು, ಮುಂದಿನ ಗವರ್ನರ್ ಜನರಲ್ ಆದರೂ ನ್ಯೂಜಿಲೆಂಡ್‌ನವರಂತೆ ಕಾಣುವವರಾಗಿರುತ್ತಾರೆಯೇ ಎಂದು ಕೇಳಿದರು. ಆಗ ಆ ಹುದ್ದೆಯಲ್ಲಿದ್ದ ಆನಂದ್ ಸತ್ಯಾನಂದ್ ಆಕ್ಲೆಂಡಿನಲ್ಲೇ ಹುಟ್ಟಿದವರು. ಅವರ ತಂದೆ ತಾಯಿ ಭಾರತ ಮೂಲದ ಫಿಜಿಯವರು. ನಮ್ಮ ವಿದೇಶಾಂಗ ಸಚಿವಾಲಯ ನ್ಯೂಜಿಲೆಂಡ್‌ನ ಹೈಕಮಿಷನರ್ ಅವರನ್ನು ಕರೆಸಿ ಪ್ರತಿಭಟಿಸಿತು. ಅಮಾನತಾಗಿದ್ದ ಹೆನ್ರಿ ಅಕ್ಟೋಬರ್ 10ರಂದು ರಾಜೀನಾಮೆ ಕೊಟ್ಟರು. ಇಲ್ಲಿ ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು.

ಈಗ ಕೇಳಬೇಕಾದ ಪ್ರಶ್ನೆಯನ್ನು ಅಂದು ಯಾರೂ ಕೇಳಲಿಲ್ಲ. ಶೀಲಾ ದೀಕ್ಷಿತ್ ಅವರ ಹೆಸರಿನ ಆ ತುಣುಕನ್ನು ತನ್ನ ಜಾಲತಾಣಕ್ಕೆ ಹಾಕಿ ಜನರಿಗೆ ತೋರಿಸಿದ್ದು ಅದೇ ವಾಹಿನಿ. ನಾವು ಮನಸ್ಸಿನಲ್ಲೇ ಅಂದುಕೊಂಡು ಹೇಳಲು ಹೆದರುವುದನ್ನು ಈ ಮನುಷ್ಯ ಹೇಳುತ್ತಾರೆ ಎಂದು ಮೊದಲಿಗೆ ಅವರ ಬೆನ್ನು ತಟ್ಟಿದ್ದೂ ಅದೇ ವಾಹಿನಿಯ ವಕ್ತಾರರು. ಹೆನ್ರಿ ಹೊರನಡೆದ ಮರುಕ್ಷಣ ಆ ಸಂಸ್ಥೆಯ ಮೇಲಿನ ಹೊಣೆಯೂ ಅವರೊಂದಿಗೇ ಹೊರನಡೆಯಿತು. ಇಂಥ ನಗೆಯನ್ನು ಮಾರಾಟದ ಸರಕು ಮಾಡಿಕೊಂಡವರು ತಮ್ಮ ಕುರ್ಚಿಗಳಲ್ಲೇ ಉಳಿದರು. ಹೆನ್ರಿಯಾದರೂ ಎಲ್ಲಿಗೂ ಹೋಗಲಿಲ್ಲ. 2012ರಲ್ಲಿ ಆಸ್ಟ್ರೇಲಿಯಾದ ಚಾನೆಲ್ ಟೆನ್‌ನಲ್ಲಿ ಮತ್ತೊಂದು ಬೆಳಗಿನ ಕಾರ್ಯಕ್ರಮ ಸಿಕ್ಕಿತು, 2014ರಲ್ಲಿ ನ್ಯೂಜಿಲೆಂಡ್‌ನಲ್ಲೇ ತಮ್ಮ ಹೆಸರಿನ ಕಾರ್ಯಕ್ರಮ ಆರಂಭವಾಯಿತು. ಶಿಕ್ಷೆಯಿಂದ ವ್ಯಕ್ತಿಯೂ ಬದಲಾಗಲಿಲ್ಲ, ಸಂಸ್ಥೆಯೂ ಬದಲಾಗಲಿಲ್ಲ. ನಮಗೆ ಸಿಕ್ಕಿದ್ದು ಗೆದ್ದೆವೆಂಬ ಭಾವನೆ ಮಾತ್ರ.

ಇನ್ನೊಂದು ಪ್ರಕರಣ 2006ರ ಆಗಸ್ಟ್ ತಿಂಗಳದ್ದು. ಕೊಲಂಬೊದಲ್ಲಿ ಶ್ರೀಲಂಕಾ–ದಕ್ಷಿಣ ಆಫ್ರಿಕಾ ಟೆಸ್ಟ್. ಹಾಶಿಂ ಆಮ್ಲಾ ಕ್ಯಾಚ್ ಹಿಡಿದು ಕುಮಾರ ಸಂಗಕ್ಕಾರ ಔಟಾದಾಗ, ಟೆನ್ ಸ್ಪೋರ್ಟ್ಸ್‌ನ ಕಾಮೆಂಟರಿ ಬಾಕ್ಸಿನಲ್ಲಿದ್ದ ಡೀನ್ ಜೋನ್ಸ್ ‘ಭಯೋತ್ಪಾದಕನಿಗೆ ಇನ್ನೊಂದು ವಿಕೆಟ್ ಸಿಕ್ಕಿತು’ ಎಂದರು. ಜಾಹೀರಾತು ಓಡುತ್ತಿದೆ, ಮಾತು ಹೊರಗೆ ಕೇಳುವುದಿಲ್ಲ ಎಂದುಕೊಂಡಿದ್ದರು. ದಕ್ಷಿಣ ಆಫ್ರಿಕಾದ ಪ್ರಸಾರದಲ್ಲಿ ಆಗ ಜಾಹೀರಾತು ಇರಲಿಲ್ಲ. ಒಬ್ಬ ಮನುಷ್ಯನ ಗಡ್ಡ, ಅವನ ಧರ್ಮ ನೋಡಿ ಆಡಿದ ಆ ಮಾತು ಅಕ್ಷಮ್ಯ ಎನ್ನುವವರೊಂದಿಗೆ ನನಗೆ ತಕರಾರಿಲ್ಲ. ಜೋನ್ಸ್ ಕ್ಷಮೆ ಕೇಳಿದರು. ವಾಹಿನಿ ಅವರನ್ನು ತಕ್ಷಣ ವಜಾ ಮಾಡಿತು.

ಕಿತ್ತುಹಾಕಿದ್ದೇ ಸರಿ ಎನ್ನುವವರು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅದು ಮುಂದುವರಿಯಿತು. ಇದೇ ಜೋನ್ಸ್ ಪಾಕಿಸ್ತಾನ ಸೂಪರ್ ಲೀಗಿನಲ್ಲಿ ಇಸ್ಲಾಮಾಬಾದ್ ಯುನೈಟೆಡ್ ತಂಡದ ಕೋಚ್ ಆಗಿ 2016ರಲ್ಲೂ 2018ರಲ್ಲೂ ಆ ತಂಡಕ್ಕೆ ಪ್ರಶಸ್ತಿ ಗೆಲ್ಲಿಸಿದರು. ಕಾಮೆಂಟರಿಗೂ ಮರಳಿದರು. 2020ರ ಸೆಪ್ಟೆಂಬರ್ 24ರಂದು ಅವರು ಮುಂಬೈಯಲ್ಲಿ ತೀರಿಕೊಂಡಾಗ ಐಪಿಎಲ್ ಪ್ರಸಾರದ ಕೆಲಸದಲ್ಲೇ ಇದ್ದರು. ಒಂದು ಮಾತಿನಿಂದ ಮನುಷ್ಯನನ್ನು ಶಾಶ್ವತವಾಗಿ ಅಳೆಯಲು ಹೊರಟಿದ್ದರೆ ಆ ಹದಿನಾಲ್ಕು ವರ್ಷಗಳ ಬದುಕು ಇರುತ್ತಲೇ ಇರಲಿಲ್ಲ. ಅವರನ್ನು ತಿದ್ದಿದ್ದು ವಜಾ ಪತ್ರವೋ, ಅವರು ಕೇಳಿದ ಕ್ಷಮೆಯೋ, ಆಮೇಲೆ ಪಾಕಿಸ್ತಾನದ ಆಟಗಾರರ ಜೊತೆ ಕಳೆದ ದಿನಗಳೋ ಎಂಬುದನ್ನು ಹೊರಗಿನವರು ತೀರ್ಮಾನಿಸಲಾಗದು. ಬಾಗಿಲು ತೆರೆದಿದ್ದರಿಂದ ಅದು ಸಾಧ್ಯವಾಯಿತು ಎಂಬುದಂತೂ ಖಚಿತ.

ಈಗ ನಮ್ಮ ದೇಶದ ಲೆಕ್ಕವನ್ನು ನೋಡೋಣ. 2016ರ ಮಾರ್ಚ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟಿ20 ವಿಶ್ವಕಪ್ ಪಂದ್ಯ. ಭಾರತ ಬಾಂಗ್ಲಾದೇಶವನ್ನು ಒಂದು ರನ್ನಿನಿಂದ ಸೋಲಿಸಿತು. ಭಾರತೀಯ ಕಾಮೆಂಟೇಟರ್ ಸದಾ ಎದುರಾಳಿಗಳ ಬಗ್ಗೆಯೇ ಮಾತಾಡದೆ ನಮ್ಮ ಆಟಗಾರರ ಬಗ್ಗೆ ಹೆಚ್ಚು ಮಾತಾಡಬೇಕು ಎಂದು ಅಮಿತಾಭ್ ಬಚ್ಚನ್ ಟ್ವೀಟ್ ಮಾಡಿದರು. ಇದಕ್ಕೆ ಸೇರಿಸುವಂಥದ್ದೇನೂ ಇಲ್ಲ ಎಂದು ನಾಯಕ ಧೋನಿ ಅನುಮೋದಿಸಿದರು. ಕೆಲವೇ ವಾರಗಳಲ್ಲಿ ಐಪಿಎಲ್ ಶುರುವಾದಾಗ, ಆ ಟ್ವೀಟ್‌ನ ಗುರಿ ಎಂದು ಹಲವರು ಭಾವಿಸಿದ್ದ ಹರ್ಷ ಭೋಗ್ಲೆ ಕಾಮೆಂಟರಿ ಪಟ್ಟಿಯಲ್ಲಿ ಇರಲಿಲ್ಲ. ಕಾರಣವನ್ನು ತಮಗೆ ಯಾರೂ ತಿಳಿಸಲಿಲ್ಲ ಎಂದು ಅವರೇ ಹೇಳಿದರು. ಅವರು ಯಾರ ಬಣ್ಣವನ್ನೂ ಜಾತಿಯನ್ನೂ ಹೀಯಾಳಿಸಿರಲಿಲ್ಲ.

2019ರ ವಿಶ್ವಕಪ್‌ನಲ್ಲಿ ಸಂಜಯ್ ಮಂಜ್ರೇಕರ್, ಒಂದಿಷ್ಟು ಬ್ಯಾಟಿಂಗ್ ಒಂದಿಷ್ಟು ಬೌಲಿಂಗ್ ಮಾಡುವ ‘ಬಿಟ್ಸ್ ಅಂಡ್ ಪೀಸಸ್’ ಆಟಗಾರರು ತಮಗೆ ಒಪ್ಪಿಗೆಯಿಲ್ಲ ಎನ್ನುತ್ತ ರವೀಂದ್ರ ಜಡೇಜಾ ಹೆಸರು ಹೇಳಿದರು. ಜಡೇಜಾ ಕಟುವಾಗಿ ಉತ್ತರಿಸಿದರು. ಆಮೇಲೆ ಮ್ಯಾಂಚೆಸ್ಟರ್‌ನ ಸೆಮಿಫೈನಲ್‌ನಲ್ಲಿ 59 ಎಸೆತಗಳಲ್ಲಿ 77 ರನ್ ಹೊಡೆದು ನಿಜವಾದ ಉತ್ತರ ಕೊಟ್ಟರು. ಜಡೇಜಾ ನನ್ನನ್ನು ಚಿಂದಿ ಮಾಡಿದರು ಎಂದು ಮಂಜ್ರೇಕರ್ ಕ್ಯಾಮೆರಾ ಮುಂದೆ ಒಪ್ಪಿಕೊಂಡರು. ಆಟದ ಬಗೆಗಿನ ಮಾತು ಹೀಗೆ ಆಟದಲ್ಲೇ ಮುಗಿಯಬೇಕು, ಮುಗಿದೂ ಇತ್ತು. ಆದರೆ 2020ರ ಮಾರ್ಚ್‌ನಲ್ಲಿ ಬಿಸಿಸಿಐ ಅವರನ್ನು ತನ್ನ ಕಾಮೆಂಟರಿ ತಂಡದಿಂದ ಕೈಬಿಟ್ಟಿತು. ಸಾರ್ವಜನಿಕ ಆದೇಶವಿಲ್ಲ, ಬರವಣಿಗೆಯಲ್ಲಿ ಕಾರಣವಿಲ್ಲ, ಎಷ್ಟು ದಿನದ ಶಿಕ್ಷೆ ಎಂಬ ಮಿತಿಯೂ ಇಲ್ಲ. ನಾಲ್ಕು ತಿಂಗಳಾದ ಮೇಲೆ, ಮೂವತ್ತೇಳು ಟೆಸ್ಟ್ ಆಡಿದ ಮನುಷ್ಯ, ತಮ್ಮಿಂದ ತಪ್ಪಾಗಿದ್ದರೆ ಕ್ಷಮಿಸಿ, ನಿಮ್ಮ ನಿಯಮದಂತೆ ನಡೆದುಕೊಳ್ಳುತ್ತೇನೆ ಎಂದು ಮಂಡಳಿಗೆ ಪತ್ರ ಬರೆಯಬೇಕಾಯಿತು. ಆ ವರ್ಷದ ಐಪಿಎಲ್‌ಗೂ ಅವರನ್ನು ಕರೆಯಲಿಲ್ಲ.

ಇದರ ಪಕ್ಕದಲ್ಲಿ 2025ರ ಮಾರ್ಚ್ 23ರ ಹೈದರಾಬಾದ್ ಐಪಿಎಲ್ ಪಂದ್ಯವನ್ನು ಇಡಿ. ಜೋಫ್ರಾ ಆರ್ಚರ್ ನಾಲ್ಕು ಓವರುಗಳಲ್ಲಿ 76 ರನ್ ಕೊಟ್ಟರು. ಹಿಂದಿ ಕಾಮೆಂಟರಿಯಲ್ಲಿದ್ದ ಹರಭಜನ್ ಸಿಂಗ್, ಲಂಡನ್ನಿನ ಕಪ್ಪು ಟ್ಯಾಕ್ಸಿಯ ಮೀಟರ್‌ನಂತೆ ಆರ್ಚರ್ ಸಾಹೇಬರ ಮೀಟರೂ ಜೋರಾಗಿ ಓಡುತ್ತಿದೆ ಎಂದರು. ಬೌಲರ್‌ನ ಬೌಲಿಂಗ್ ಬಿಟ್ಟು ಅವನ ಮೈಬಣ್ಣದ ಕಡೆಗೆ ಬೊಟ್ಟು ಮಾಡಿದ ಮಾತು ಅದು. ಕಿತ್ತುಹಾಕಿ ಎಂಬ ಕೂಗು ಎದ್ದಿತು, ಕೆಲವೇ ದಿನಗಳಲ್ಲಿ ತಣ್ಣಗಾಯಿತು. ಎದುರಾಳಿಯನ್ನು ಹೊಗಳಿದವರಿಗೆ ಮೈಕ್ ಹೋಯಿತು, ತಾರಾ ಆಟಗಾರನನ್ನು ಟೀಕಿಸಿದವರಿಗೆ ಮೈಕ್ ಹೋಯಿತು. ಪರದೇಶದ ಬೌಲರ್‌ನ ಮೈಬಣ್ಣ ಮಾತ್ರ ಯಾರ ತಲೆನೋವೂ ಆಗಲಿಲ್ಲ. ಶಿಕ್ಷಿಸುವ ಅಧಿಕಾರವನ್ನು ಬೇಡಿ ಬೇಡಿ ಮಂಡಳಿಗೂ ವಾಹಿನಿಗೂ ಕೊಟ್ಟವರು ಈ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡಬೇಕು. ಬಣ್ಣ, ಧರ್ಮ, ಹೆಣ್ಣುತನದ ಮೇಲಿನ ಮಾತಿಗಾಗಿ ನಾವು ಕೇಳಿದ ಕತ್ತಿ, ಟೀಕೆಯ ಕುತ್ತಿಗೆಯ ಮೇಲೆ ಬಿದ್ದಿದೆ.

ಹೀಗಾಗುವುದಕ್ಕೆ ಕಾರಣ ಸರಳ. ಭಾರತದಲ್ಲಿ ನಡೆಯುವ ಕ್ರಿಕೆಟ್‌ನ ಕಾಮೆಂಟೇಟರುಗಳಲ್ಲಿ ಯಾರು ಇರಬೇಕೆಂದು ನಿರ್ಧರಿಸುವಲ್ಲಿ ಮಂಡಳಿಯ ಮಾತೇ ನಡೆಯುತ್ತದೆ. ತಂಡದ ಆಯ್ಕೆ, ಮಂಡಳಿಯ ಆಡಳಿತ, ಡಿಆರ್‌ಎಸ್ ಬಗ್ಗೆ ಮಾತಾಡಬಾರದೆಂಬ ಷರತ್ತು ಹಾಕಿದ್ದರಿಂದ 2013ರಲ್ಲಿ ಇಯಾನ್ ಚಾಪೆಲ್ ಭಾರತದ ಕಾಮೆಂಟರಿ ಒಪ್ಪಂದವನ್ನೇ ಬೇಡವೆಂದರು. ಆಟವೂ ತನ್ನದು, ಆಟಗಾರರೂ ತನ್ನವರು, ಅವರ ಬಗ್ಗೆ ಮಾತಾಡುವವರೂ ತನ್ನ ಸಂಬಳಗಾರರು ಎಂಬಂತಿರುವ ಸಂಸ್ಥೆಗೆ ‘ನೋಯಿಸುವ ಮಾತಿಗೆ ಶಿಕ್ಷೆ ಕೊಡಿ’ ಎಂದು ನಾವು ಅರ್ಜಿ ಹಾಕಿದರೆ, ಯಾವ ಮಾತು ನೋಯಿಸುತ್ತದೆ ಎಂಬುದನ್ನೂ ಅದೇ ತೀರ್ಮಾನಿಸುತ್ತದೆ. ಅದಕ್ಕೆ ಮೊದಲು ನೋಯುವುದು ಅದರದೇ ಮೈ.

ಕೂಗು ಹಾಕುವ ಜನರ ಕಿವಿಯೂ ಯಾವಾಗಲೂ ನೆಚ್ಚುವಂಥದ್ದಲ್ಲ. ಡೀನ್ ಜೋನ್ಸ್ ತೀರಿಕೊಂಡ ದಿನವೇ ದುಬೈನಲ್ಲಿ ಆರ್‌ಸಿಬಿ–ಪಂಜಾಬ್ ಪಂದ್ಯ. ವಿರಾಟ್ ಕೊಹ್ಲಿ ನಮ್ಮ ಕೆ.ಎಲ್. ರಾಹುಲ್ ಕೊಟ್ಟ ಎರಡು ಕ್ಯಾಚ್ ಬಿಟ್ಟು ಒಂದು ರನ್ನಿಗೆ ಔಟಾದರು. ಲಾಕ್‌ಡೌನ್‌ನಲ್ಲಿ ಕೊಹ್ಲಿಗೆ ಅಭ್ಯಾಸ ಸಿಕ್ಕಿದ್ದು ಪತ್ನಿ ಅನುಷ್ಕಾರ ಬೌಲಿಂಗ್‌ನಲ್ಲಿ ಮಾತ್ರ ಎಂದು ಸುನಿಲ್ ಗಾವಸ್ಕರ್ ಹಿಂದಿಯಲ್ಲಿ ಹೇಳಿದರು. ದಂಪತಿ ಮನೆಯ ಆವರಣದಲ್ಲಿ ಆಡುತ್ತಿದ್ದ ವಿಡಿಯೊ ಆಗ ಎಲ್ಲರ ಮೊಬೈಲಿನಲ್ಲಿತ್ತು. ರಾತ್ರಿ ಕಳೆಯುವುದರೊಳಗೆ ಆ ಮಾತು ಅಶ್ಲೀಲ ಅರ್ಥ ಪಡೆದು ಹರಡಿತು, ಗಾವಸ್ಕರ್ ಅವರನ್ನು ಹೊರಹಾಕಿ ಎಂಬ ಬೇಡಿಕೆ ಬಂತು. ಗಂಡನ ಆಟದ ಮಾತಿಗೆ ಹೆಂಡತಿಯ ಹೆಸರನ್ನು ಏಕೆ ಎಳೆದು ತರುತ್ತೀರಿ ಎಂದು ಅನುಷ್ಕಾ ಶರ್ಮಾ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಗಾವಸ್ಕರ್ ವಿವರಣೆ ಕೊಟ್ಟರು. ಪ್ರಶ್ನೆ, ಉತ್ತರ ಎರಡೂ ಜನರ ಎದುರಿಗೇ ನಡೆದವು. ಅಂದೇ ಅವರ ಮೈಕ್ ಕಿತ್ತುಕೊಂಡಿದ್ದರೆ ಆಡದ ಮಾತಿಗೆ ಶಿಕ್ಷೆಯಾಗುತ್ತಿತ್ತು.

ಬೇರೆಯವರ ನೋವಿನ ಬಗ್ಗೆ ಉದಾರವಾಗಿ ಮಾತಾಡುವುದು ಸುಲಭ ಎಂದು ಓದುಗರು ಹೇಳಬಹುದು. ಹಾಗಾದರೆ ನಮ್ಮ ನೋವನ್ನೇ ತೆಗೆದುಕೊಳ್ಳೋಣ. 2020ರ ಫೆಬ್ರವರಿಯಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕರ್ನಾಟಕ–ಬರೋಡಾ ರಣಜಿ ಪಂದ್ಯದ ನೇರಪ್ರಸಾರದಲ್ಲಿ ಹಿಂದಿ ಕಾಮೆಂಟೇಟರ್ ಒಬ್ಬರು, ಪ್ರತಿ ಭಾರತೀಯನಿಗೂ ಹಿಂದಿ ಬರಬೇಕು, ಅದು ನಮ್ಮ ಮಾತೃಭಾಷೆ, ಅದಕ್ಕಿಂತ ದೊಡ್ಡ ಭಾಷೆ ಇಲ್ಲ ಎಂದುಬಿಟ್ಟರು. ಬೆಂಗಳೂರಿನ ನೆಲದಲ್ಲಿ, ಕರ್ನಾಟಕ ತಂಡ ಆಡುತ್ತಿರುವಾಗ ಬಂದ ಮಾತು. ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ಬದುಕುವ ಕನ್ನಡಿಗರಿಗೆ ಇದು ಹೊಸದಲ್ಲ. ಆಟೊ ಚಾಲಕರಿಂದ ಕೇಳಿದ್ದೇವೆ, ಕಚೇರಿಯಲ್ಲಿ ಕೇಳಿದ್ದೇವೆ, ನೀರಿನ ಟ್ಯಾಂಕರ್ ಬಗ್ಗೆ ಮಾತಾಡಲು ಸೇರಿದ ಹೌಸಿಂಗ್ ಸೊಸೈಟಿಯ ಸಭೆಯಲ್ಲೂ ಕೇಳಿದ್ದೇವೆ. ಆ ಮಾತು ಸುಳ್ಳು ಕೂಡ. ಸಂವಿಧಾನದ 343ನೇ ವಿಧಿ ಹಿಂದಿಯನ್ನು ಕೇಂದ್ರದ ಆಡಳಿತ ಭಾಷೆ ಎನ್ನುತ್ತದೆ. ದೇಶದ ಮಾತೃಭಾಷೆ ಎಂದು ಎಲ್ಲೂ ಹೇಳಿಲ್ಲ. ಎಂಟನೇ ಪರಿಚ್ಛೇದದಲ್ಲಿ ಕನ್ನಡವೂ ಸೇರಿ 22 ಭಾಷೆಗಳಿವೆ.

ಅಂದು ನನಗೆ ಬಂದ ಸಿಟ್ಟು ಸಣ್ಣದಲ್ಲ. ಆದರೆ ಆ ಮನುಷ್ಯನ ಕೆಲಸ ಹೋದರೆ ಕನ್ನಡಕ್ಕೆ ಸಿಗುವುದೇನು? ಅವರು ಹೋಗುತ್ತಾರೆ, ಅದೇ ನಂಬಿಕೆಯ ಇನ್ನೊಬ್ಬರು, ಸ್ವಲ್ಪ ನಾಲಿಗೆ ಬಿಗಿಹಿಡಿದವರು, ಅದೇ ಕುರ್ಚಿಗೆ ಬರುತ್ತಾರೆ. ನಮಗೆ ಬೇಕಾದದ್ದು ಬೇರೆ. ಅದೇ ಮೈಕಿನಲ್ಲಿ, ಅದೇ ಪಂದ್ಯ ಮುಗಿಯುವ ಮೊದಲು, ಆಡಿದ ಮಾತು ತಪ್ಪು ಎಂದು ಕಾರಣ ಸಹಿತ ಹೇಳಬೇಕು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ರಣಜಿ ಪಂದ್ಯಗಳಿಗೆ ಕನ್ನಡ ಕಾಮೆಂಟರಿ ಕೊಡಬೇಕು. ಮೊದಲನೆಯದು ನೋವನ್ನು ಒಪ್ಪಿಕೊಳ್ಳುತ್ತದೆ, ಎರಡನೆಯದು ನೋವಿನ ಮೂಲವನ್ನು ಮುಟ್ಟುತ್ತದೆ. ವಜಾ ಮಾಡುವುದರಿಂದ ಈ ಎರಡೂ ಆಗುವುದಿಲ್ಲ.

ಕಾಮೆಂಟರಿ ಹೇಗೆ ನಡೆಯುತ್ತದೆ ಎಂಬುದನ್ನೂ ನೋಡಬೇಕು. ಐಪಿಎಲ್ ರಾತ್ರಿಯಲ್ಲಿ ಬಾಕ್ಸಿನಲ್ಲಿ ಇಬ್ಬರು ಮೂವರು ಕೂತಿರುತ್ತಾರೆ. ಕಿವಿಯೊಳಗೆ ನಿರ್ದೇಶಕರ ದನಿ: ಮರುಪ್ರಸಾರ ಬರುತ್ತಿದೆ, ಪ್ರಾಯೋಜಕರ ಹೆಸರು ಹೇಳಿ, ಜಾಹೀರಾತಿಗೆ ಐದು ಸೆಕೆಂಡು. ಎದುರಿಗೆ ಮೈದಾನ, ಪಕ್ಕದಲ್ಲಿ ಮಾನಿಟರ್. ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ನಿಮಿಷ. ಆ ಅರ್ಧ ನಿಮಿಷವನ್ನು ನಗೆ, ಕಾಲೆಳೆತ, ಪ್ರಾಸದ ಮಾತುಗಳಿಂದ ತುಂಬಬೇಕೆಂದು ಬಯಸುವುದು ವಾಹಿನಿ. ಆಟದ ವಿವರಣೆಗಿಂತ ಮಸಾಲೆಗೆ ಬೆಲೆ ಕಟ್ಟಿದ್ದೂ ವಾಹಿನಿ. ಹಾಗೆ ಬೆಳೆಸಿದ ಬಾಕ್ಸಿನಲ್ಲಿ ಒಬ್ಬರು ಎಡವಿದಾಗ ಅವರೊಬ್ಬರನ್ನೇ ಹೊರದೂಡಿ ವಾಹಿನಿ ಕೈತೊಳೆದುಕೊಳ್ಳುವುದು ಅನ್ಯಾಯ. ಐಪಿಎಲ್‌ನ ಕನ್ನಡ ಕಾಮೆಂಟರಿಗೆ ಇನ್ನೂ ಹತ್ತು ವರ್ಷ ತುಂಬಿಲ್ಲ. ಮಂಡ್ಯದ ಮಾತು, ಧಾರವಾಡದ ಮಾತು, ಕುಂದಾಪುರದ ಮಾತು ಅಲ್ಲಿ ಈಗಷ್ಟೇ ಬಾಯಿ ಬಿಡುತ್ತಿವೆ. ಒಂದು ಊರಿನ ಸಲಿಗೆ ಇನ್ನೊಂದು ಊರಿಗೆ ಬೈಗುಳವಾಗಿ ಕೇಳಬಹುದು. ಕೆಲಸ ಹೋಗುವ ಭಯ ತಲೆಯ ಮೇಲೆ ತೂಗುತ್ತಿದ್ದರೆ ಅಲ್ಲಿ ಉಳಿಯುವುದು ಇಂಗ್ಲಿಷಿನಿಂದ ಸೋಸಿ ತೆಗೆದ ಸಪ್ಪೆ ಕನ್ನಡ ಮಾತ್ರ.

ಶಿಕ್ಷೆ ಬೇಡವೆಂದರೆ ಮಾತಿಗೆ ಲಗಾಮೇ ಬೇಡವೇ ಎಂದು ಕೇಳುವವರಿಗೆ ದೆಹಲಿಯಲ್ಲೇ ಉತ್ತರವಿದೆ. 1993ರ ಹೀರೊ ಕಪ್ ಪ್ರಸಾರದ ಜಗಳದಲ್ಲಿ ಸುಪ್ರೀಂ ಕೋರ್ಟ್ 1995ರ ಫೆಬ್ರವರಿ 9ರಂದು ಕೊಟ್ಟ ತೀರ್ಪು, ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದಿತು. 2015ರ ಜನವರಿಯಲ್ಲಿ ಅದೇ ಕೋರ್ಟ್, ಬಿಸಿಸಿಐ ಮಾಡುವುದು ಸಾರ್ವಜನಿಕ ಕೆಲಸ ಎಂದಿತು. ಹಾಗಿದ್ದ ಮೇಲೆ ಆ ತರಂಗಗಳ ಮೇಲೆ ಯಾರು ಮಾತಾಡಬೇಕು, ಯಾರನ್ನು ನಿಲ್ಲಿಸಬೇಕು ಎಂಬುದು ಒಂದು ಫೋನ್ ಕರೆಯಲ್ಲಿ ತೀರ್ಮಾನವಾಗಬಾರದು. ಕೇಬಲ್ ಟೆಲಿವಿಷನ್ ನಿಯಮಗಳಲ್ಲಿ ಕಾರ್ಯಕ್ರಮ ಸಂಹಿತೆ ಇದೆ. 2021ರ ಜೂನ್‌ನಲ್ಲಿ ಆ ನಿಯಮಗಳಿಗೆ ಮೂರು ಹಂತದ ದೂರು ವ್ಯವಸ್ಥೆಯನ್ನು ಸೇರಿಸಲಾಗಿದೆ. ಮೊದಲು ವಾಹಿನಿಗೆ ದೂರು, ಅದು 15 ದಿನಗಳೊಳಗೆ ಉತ್ತರಿಸಬೇಕು. ಆಮೇಲೆ ಪ್ರಸಾರಕರ ಸ್ವಯಂ ನಿಯಂತ್ರಣ ಸಂಸ್ಥೆ. ಕೊನೆಗೆ ಕೇಂದ್ರ ಸರ್ಕಾರದ ಮೇಲ್ವಿಚಾರಣೆ. ಎಚ್ಚರಿಸುವುದು, ಖಂಡಿಸುವುದು, ಕ್ಷಮೆ ಕೇಳಿಸುವುದು ಈ ವ್ಯವಸ್ಥೆಯ ಕೈಯಲ್ಲಿದೆ. ಹ್ಯಾಶ್‌ಟ್ಯಾಗ್ ಹಾಕುವ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿ ಈ ಬಾಗಿಲು ತಟ್ಟುತ್ತಾರೆ?

ಶಿಕ್ಷೆ ಅನಿವಾರ್ಯವಾದರೂ ಅದು ಹೇಗಿರಬೇಕು ಎಂಬುದಕ್ಕೂ ಒಂದು ಉದಾಹರಣೆ ಇದೆ. 2019ರ ಜನವರಿಯಲ್ಲಿ ‘ಕಾಫಿ ವಿತ್ ಕರಣ್’ ಕಾರ್ಯಕ್ರಮದಲ್ಲಿ ಹೆಣ್ಣುಮಕ್ಕಳ ಬಗ್ಗೆ ಬಂದ ಹೀನ ಮಾತುಗಳಿಗಾಗಿ ಹಾರ್ದಿಕ್ ಪಾಂಡ್ಯ, ಕೆ.ಎಲ್. ರಾಹುಲ್ ಅಮಾನತಾದರು. ವಿಚಾರಣೆಗೂ ಮೊದಲೇ ಆಸ್ಟ್ರೇಲಿಯಾದಿಂದ ಇಬ್ಬರನ್ನೂ ವಾಪಸ್ ಕಳಿಸಿದ್ದು ತಪ್ಪು. ಆದರೆ ಏಪ್ರಿಲ್‌ನಲ್ಲಿ ಮಂಡಳಿಯ ಒಂಬುಡ್ಸ್‌ಮನ್, ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್ ಇಬ್ಬರ ಮಾತನ್ನೂ ಕೇಳಿ, ಕಾರಣ ಬರೆದು, ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಅದರಲ್ಲಿ 10 ಲಕ್ಷ ಕರ್ತವ್ಯದಲ್ಲಿ ಮಡಿದ ಹತ್ತು ಅರೆಸೇನಾ ಕಾನ್‌ಸ್ಟೆಬಲ್‌ಗಳ ಪತ್ನಿಯರಿಗೆ, 10 ಲಕ್ಷ ಅಂಧರ ಕ್ರಿಕೆಟ್‌ಗೆ. ಆದೇಶ ಎಲ್ಲರ ಮುಂದಿತ್ತು, ದಂಡಕ್ಕೆ ಮಿತಿಯಿತ್ತು, ಆಟದ ಬಾಗಿಲು ತೆರೆದಿತ್ತು. ಮಂಜ್ರೇಕರ್ ಅವರಿಗೆ ಸಿಗದೇ ಹೋದದ್ದು ಇದೇ.

ಕ್ಷಮೆ ದುರ್ಬಲರ ಪರಿಹಾರ, ಭಯವೇ ಮದ್ದು ಎನ್ನುವವರು 2024ರ ಡಿಸೆಂಬರ್‌ನ ಬ್ರಿಸ್ಬೇನ್ ಟೆಸ್ಟನ್ನು ನೆನಪಿಸಿಕೊಳ್ಳಲಿ. ಫಾಕ್ಸ್ ಕ್ರಿಕೆಟ್ ಕಾಮೆಂಟರಿಯಲ್ಲಿ ಈಸಾ ಗುಹಾ, ಜಸ್‌ಪ್ರೀತ್ ಬುಮ್ರಾ ಅವರನ್ನು ಹೊಗಳುವ ಭರದಲ್ಲಿ ವಾನರ ಎಂಬರ್ಥದ ಇಂಗ್ಲಿಷ್ ಪದ ಬಳಸಿದರು. ಆಸ್ಟ್ರೇಲಿಯಾದ ನೆಲದಲ್ಲಿ ಭಾರತೀಯ ಆಟಗಾರನಿಗೆ ಆ ಪದ ಹೇಗೆ ಕೇಳಿಸುತ್ತದೆಂಬುದನ್ನು ವಿವರಿಸಬೇಕಿಲ್ಲ. ಮರುದಿನ ಅದೇ ಪ್ರಸಾರದಲ್ಲಿ, ಕ್ಯಾಮೆರಾಕ್ಕೆ ಮುಖ ಕೊಟ್ಟು ಅವರು ಕ್ಷಮೆ ಕೇಳಿದರು. ಪಕ್ಕದಲ್ಲಿದ್ದ ರವಿ ಶಾಸ್ತ್ರಿ ಅದನ್ನು ಧೈರ್ಯದ ನಡೆ ಎಂದರು. ಮಾತು ಕೇಳಿಸಿಕೊಂಡ ಜನರೇ ಕ್ಷಮೆಯನ್ನೂ ಕೇಳಿಸಿಕೊಂಡರು. ಪದ ಏಕೆ ನೋಯಿಸುತ್ತದೆ ಎಂಬುದು ಅಂದು ಲಕ್ಷಾಂತರ ಮನೆಗಳಿಗೆ ತಲುಪಿತು. ಯಾರನ್ನೋ ಸದ್ದಿಲ್ಲದೆ ಪಟ್ಟಿಯಿಂದ ತೆಗೆದಿದ್ದರೆ ಈ ಪಾಠ ಯಾವ ಮನೆಗೂ ಬರುತ್ತಿರಲಿಲ್ಲ.

ಬೇಕೆಂದೇ, ಮತ್ತೆ ಮತ್ತೆ, ಕ್ಷಮೆಯನ್ನೂ ನಿರಾಕರಿಸಿ ಜನರ ಹುಟ್ಟನ್ನು ಹೀಯಾಳಿಸುವವರಿಗೆ ಮೈಕ್ ಕೊಡಬೇಕಿಲ್ಲ. ಅಂಥವರನ್ನು ತೆಗೆಯುವಾಗಲೂ ಕಾರಣವನ್ನು ಬರೆದು ಪ್ರಕಟಿಸಬೇಕು. ಉಳಿದವರಿಗೆ ನಿಯಮ ಸರಳವಾಗಿರಲಿ. ಆಟದ ಬಗೆಗಿನ ಮಾತಿಗೆ, ಅದು ಎಷ್ಟೇ ಖಾರವಾಗಿರಲಿ, ಶಿಕ್ಷೆ ಬೇಡ. ಹುಟ್ಟು, ಬಣ್ಣ, ಧರ್ಮ, ಭಾಷೆ, ಹೆಣ್ಣುತನದ ಮೇಲಿನ ಮಾತಿಗೆ ಅದೇ ಮೈಕಿನಲ್ಲಿ ಕ್ಷಮೆ, ವಾಹಿನಿಗೂ ಪಾಲಿರುವ ಬಹಿರಂಗ ಹೊಣೆ. ಕಾಮೆಂಟೇಟರುಗಳ ನೇಮಕ ಮಂಡಳಿಯ ಮರ್ಜಿಯಿಂದ ಹೊರಬರಲಿ.

ಓದುಗರಲ್ಲಿ ನನ್ನ ಬೇಡಿಕೆ ಇಷ್ಟೇ. ಮುಂದಿನ ಬಾರಿ ಟಿವಿಯಿಂದ ನಿಮ್ಮನ್ನು ನೋಯಿಸುವ ಮಾತು ಕೇಳಿದಾಗ ಸುಮ್ಮನಿರಬೇಡಿ. ಪಂದ್ಯ, ದಿನ, ಹೊತ್ತು, ಆಡಿದ ಮಾತು ಎಲ್ಲವನ್ನೂ ಬರೆದು ವಾಹಿನಿಗೆ ದೂರು ಕೊಡಿ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಮೇಲಿನ ಹಂತಕ್ಕೆ ಹೋಗಿ. ಕನ್ನಡದಲ್ಲೇ ಬರೆಯಿರಿ. ಕೆಲಸ ಕಳೆಯಿರಿ ಎಂದು ಕೇಳಬೇಡಿ, ತಪ್ಪನ್ನು ಅದೇ ಮೈಕಿನಲ್ಲಿ ಒಪ್ಪಿಕೊಳ್ಳಿ ಎಂದು ಕೇಳಿ. ಅದು ಸಿಗುವವರೆಗೂ ಬಿಡಬೇಡಿ.